ಒಬ್ಬನ ಕಂಠವೋ, ಸಭೆಯ ಕಂಠವೋ?
ಕಳಮಶ್ಶೇರಿಯ ಒಂದು ಸಣ್ಣ ಕನ್ನಡ ಆರಾಧನಾ ಕೂಟ ಕಲಿತ ಪಾಠ

ಆದಿತ್ಯವಾರವೆಂದರೆ ಲೋಕಕ್ಕೆಲ್ಲ ವಿಶ್ರಾಂತಿಯ ದಿನ. ಹೋಟೆಲಿನಲ್ಲಿ ದುಡಿಯುವವನಿಗೆ ಮಾತ್ರ ಅದು ವಾರದ ಏಳು ದಿನಗಳಲ್ಲಿ ಅತ್ಯಂತ ಶ್ರಮದ ದಿನ. ಬೆಳಿಗ್ಗೆ ಇಗರ್ಜಿಯಿಂದ ಮರಳುವ ಸಂಸಾರಗಳು ಇಡ್ಲಿ-ವಡೆಗೆ ಬರುತ್ತವೆ. ಮಧ್ಯಾಹ್ನ ಊಟದ ಪಂಕ್ತಿ ಮುಗಿಯುವಷ್ಟರಲ್ಲಿ ಸಂಜೆಯ ದೋಸೆಯ ಗಿರಾಕಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ಹೀಗಿರುವಾಗ ದೇವಾಲಯಕ್ಕೆ ಹೋಗಿ ನೆಮ್ಮದಿಯಿಂದ ಕುಳಿತು ನಾಲ್ಕು ಕೀರ್ತನೆ ಹಾಡುವ ಭಾಗ್ಯ ನಮ್ಮಲ್ಲಿ ಎಷ್ಟು ಮಂದಿಗುಂಟು?

ಕೊಚ್ಚಿಯ ಮಗ್ಗುಲಲ್ಲಿರುವ ಕಳಮಶ್ಶೇರಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹೆದ್ದಾರಿಯ ಎರಡು ಬದಿಗಳಲ್ಲಿ ಕಾರ್ಖಾನೆಗಳು, ಪಕ್ಕದ ಏಲೂರಿನಲ್ಲಿ ರಸಗೊಬ್ಬರದ ದೊಡ್ಡ ಉದ್ಯಮ, ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಆಚೆಗೆ ವೈದ್ಯಕೀಯ ಕಾಲೇಜು. 2017ರಲ್ಲಿ ಮೆಟ್ರೋ ರೈಲು ಓಡಲಾರಂಭಿಸಿದ ಮೇಲೆ ಆಲುವಾದಿಂದಲೂ ಎಡಪ್ಪಳ್ಳಿಯಿಂದಲೂ ಇಲ್ಲಿಗೆ ಬರುವುದು ಸುಲಭವಾಗಿದೆ. ಇಂತಹ ಊರಿನಲ್ಲಿ ಒಂದು ಮಲಯಾಳಿ ಸಭೆಯವರು ತಮ್ಮ ದೇವಾಲಯದ ಬದಿಯ ಕೊಠಡಿಯನ್ನು ಆದಿತ್ಯವಾರ ರಾತ್ರಿ ಒಂದೂವರೆ ಗಂಟೆಯ ಮಟ್ಟಿಗೆ ಕನ್ನಡಿಗರಾದ ನಮಗೆ ಬಿಟ್ಟುಕೊಟ್ಟಿದ್ದಾರೆ. ಬರುವವರು ಮೂವತ್ತಕ್ಕೆ ಮೀರುವುದಿಲ್ಲ: ಕ್ಯಾಂಟೀನಿನ ಅಡುಗೆಯವರು, ಹೋಟೆಲಿನ ಸಪ್ಲೈಯರುಗಳು, ಕಂಪನಿಯ ಗುಮಾಸ್ತರು, ದಾದಿಯರು, ಒಂದಿಬ್ಬರು ವಿದ್ಯಾರ್ಥಿಗಳು. ಮಂಗಳೂರು, ಉಡುಪಿ, ಕಾಸರಗೋಡು, ಧಾರವಾಡ, ಹೀಗೆ ನಾನಾ ಕಡೆಯವರು. ಮನೆಯಲ್ಲಿ ಕೆಲವರದು ತುಳು, ಕೆಲವರದು ಕೊಂಕಣಿ. ಆದರೆ ಕೂಡಿ ಹಾಡುವಾಗ ಎಲ್ಲರದೂ ಕನ್ನಡ.

ಈ ಕೂಟದಲ್ಲಿ ಏಳು ವರ್ಷ ಹಾರ್ಮೋನಿಯಂ ನುಡಿಸಿದವನು ನಾನು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳದೆ ಮುಂದಿನ ಮಾತನ್ನು ಆರಂಭಿಸಲಾರೆ.

ಕಿಸೆಯಲ್ಲಿದ್ದ ಬೀಗದ ಕೈ

ಕೆಲವು ವರ್ಷಗಳ ಹಿಂದೆ ದಶಂಬರ ತಿಂಗಳಲ್ಲಿ ತಾಯಿಯವರ ಕಾಯಿಲೆಯ ಸುದ್ದಿ ಬಂದು ಅವಸರದಿಂದ ಊರಿಗೆ ಹೊರಟೆ. ಅಲ್ಲಿ ಮೂರು ವಾರ ನಿಲ್ಲಬೇಕಾಯಿತು. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಕಳಮಶ್ಶೇರಿಯಲ್ಲಿ ನಮ್ಮವರು ಎಂದಿನಂತೆ ಕೂಡಿದರು. ಆದರೆ ಹಾರ್ಮೋನಿಯಂ ಇದ್ದ ಪೆಟ್ಟಿಗೆಗೂ ಹಾಡಿನ ಪುಸ್ತಕಗಳಿದ್ದ ಕಪಾಟಿಗೂ ಬೀಗ ಬಿದ್ದಿತ್ತು. ಬೀಗದ ಕೈಗಳು ನನ್ನ ಕಿಸೆಯಲ್ಲಿ ನನ್ನ ಜೊತೆಗೇ ಊರಿಗೆ ಹೋಗಿದ್ದವು. ಯಾರೋ ಒಬ್ಬರು ಧೈರ್ಯ ಮಾಡಿ ಒಂದು ಕೀರ್ತನೆ ಎತ್ತಿಕೊಂಡರಂತೆ. ಶ್ರುತಿ ತೀರ ಮೇಲಾಗಿ ಮೂರನೆಯ ಸಾಲಿಗೆ ಗಂಟಲು ಏರದೆ ಎಲ್ಲರೂ ನಿಂತುಬಿಟ್ಟರಂತೆ. ಬಳಿಕ ವಾಚನ, ಪ್ರಾರ್ಥನೆ ಮಾತ್ರ ನಡೆಯಿತು. ಹಾಡಿಲ್ಲದ ಕ್ರಿಸ್ಮಸ್ಸು!

ನಾನು ಹಿಂದಿರುಗಿದ ಮೇಲೆ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ನಮ್ಮ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: “ಮಾಸ್ಟ್ರೇ, ಬೀಗದ ಕೈ ನಿಮ್ಮ ಕಿಸೆಯಲ್ಲಿತ್ತು. ಅದೇ ಬೀಗ ನಮ್ಮ ಬಾಯಿಗೂ ಬಿತ್ತು. ನಮ್ಮ ಅಡುಗೆಮನೆಯಲ್ಲಿ ಭಟ್ಟರು ರಜೆ ಹೋದರೆ ಆ ದಿನ ಗಿರಾಕಿಗಳಿಗೆ ಸಾಂಬಾರಿಲ್ಲ ಅಂತ ಹೇಳ್ಲಿಕ್ಕುಂಟೋ?”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಏಳು ವರ್ಷಗಳಲ್ಲಿ ಹಾಡನ್ನು ಆರಿಸಿದವನು ನಾನು, ಶ್ರುತಿ ಹಿಡಿದವನು ನಾನು, ಪುಸ್ತಕ ಹಂಚಿದವನು ನಾನು, ಕೊಠಡಿಯ ದೀಪ ಆರಿಸಿದವನೂ ನಾನೇ. ಅದನ್ನು ಸೇವೆಯೆಂದು ಭಾವಿಸಿಕೊಂಡಿದ್ದೆ. ವಾಸ್ತವದಲ್ಲಿ ಇತರರು ಸಲ್ಲಿಸಬಹುದಾಗಿದ್ದ ಸೇವೆಯನ್ನೆಲ್ಲ ನಾನೊಬ್ಬನೇ ನುಂಗಿಹಾಕಿದ್ದೆ. ನಾನು ನುಡಿಸುತ್ತಿದ್ದುದು ಚೆನ್ನಾಗಿತ್ತೇ ಇಲ್ಲವೇ ಎಂಬುದು ಇಲ್ಲಿ ದೊಡ್ಡ ಮಾತಲ್ಲ. ನಾನಿಲ್ಲದಾಗ ಸಭೆ ಹಾಡಿತೇ ಎಂಬುದೇ ಪರೀಕ್ಷೆ. ಆ ಪರೀಕ್ಷೆಯಲ್ಲಿ ನಾನು ಸೋತೆ.

ಹಾಡು ಯಾರ ಸೊತ್ತು?

ಸಭೆಯ ಹಾಡು ಸಭೆಯದೇ ಹೊರತು ಗಾಯಕನದಲ್ಲ ಎಂಬ ವಿಚಾರ ಹೊಸದೇನೂ ಅಲ್ಲ. ಮಧ್ಯಯುಗದ ಯುರೋಪಿನ ದೇವಾಲಯಗಳಲ್ಲಿ ಹಾಡಿನ ಬಹುಭಾಗ ಲ್ಯಾಟಿನ್ ಭಾಷೆಯಲ್ಲಿತ್ತು. ಹಾಡುವವರು ಪಾದ್ರಿಗಳು ಮತ್ತು ತರಬೇತಿ ಪಡೆದ ಗಾನವೃಂದದವರು. 1524ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಮತ್ತು ಅವರ ಸಂಗಡಿಗರ ಎಂಟು ಹಾಡುಗಳ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಬಡಗಿಯೂ ಬಟ್ಟೆ ಒಗೆಯುವವಳೂ ತಮ್ಮ ಮಾತಿನಲ್ಲಿ ದೇವಾಲಯದೊಳಗೆ ಹಾಡುವ ಕಾಲ ಅಲ್ಲಿಂದ ವೇಗವಾಗಿ ಹಬ್ಬಿತು. ಕಾಕತಾಳೀಯವೆಂದರೆ ಅದೇ 1524ರ ದಶಂಬರದಲ್ಲಿ ವಾಸ್ಕೋ ಡ ಗಾಮಾ ನಮ್ಮ ಕೊಚ್ಚಿಯಲ್ಲಿ ತೀರಿಕೊಂಡನು. ಕೋಟೆ ಕೊಚ್ಚಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಅವನನ್ನು ಹೂಳಿದ ಸ್ಥಳವನ್ನು ಇಂದಿಗೂ ತೋರಿಸುತ್ತಾರೆ. ಅವನ ಅವಶೇಷಗಳನ್ನು ಮುಂದೆ ಪೋರ್ಚುಗಲ್ಲಿಗೆ ಒಯ್ಯಲಾಯಿತು.

ಕನ್ನಡದಲ್ಲಿ ಈ ಕೆಲಸ ನಮ್ಮ ಕರಾವಳಿಯಲ್ಲಿಯೇ ನಡೆಯಿತು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗರು ಬಂದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರೆಂದು ಅವರನ್ನು ನಾವೆಲ್ಲ ಸ್ಮರಿಸುತ್ತೇವೆ. ಅದೇ ಮೋಗ್ಲಿಂಗರು ಗಾಟ್‌ಫ್ರೀಡ್ ವೈಗ್ಲೆಯವರೊಡನೆ ಕನ್ನಡ ಸಭೆಗಳಿಗೆ ಕ್ರೈಸ್ತಗೀತಗಳನ್ನು ಒದಗಿಸಿದವರೂ ಹೌದು. ಇನ್ನೊಂದು ಸಂಗತಿಯನ್ನು ಮರೆಯಲಾಗದು: ಹಳಗನ್ನಡ, ನಡುಗನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಹೊರತಂದ ಅವರ ಗ್ರಂಥಮಾಲೆಯಲ್ಲಿ ನಮ್ಮ ಹರಿದಾಸರ ಪದಗಳ ಸಂಗ್ರಹವೂ ಸೇರಿತ್ತು. ನಾಡಿನ ಜನ ಹೇಗೆ ಹಾಡುತ್ತಾರೆಂಬುದನ್ನು ಕಿವಿಗೊಟ್ಟು ಕೇಳಿದ ಮೇಲೆಯೇ ಹಾಡು ಕಟ್ಟಬೇಕೆಂಬುದನ್ನು ಆ ಪರದೇಶಿಗಳು ಅರಿತಿದ್ದರು.

ಆದರೂ ತೊಡಕು ಇಲ್ಲದಿರಲಿಲ್ಲ. ಜರ್ಮನ್ ರಾಗಕ್ಕೆ ಕನ್ನಡದ ಮಾತನ್ನು ಕೂಡಿಸುವುದು ಬೇರೆಯವನ ಅಂಗಿಯನ್ನು ತೊಟ್ಟಂತೆ. ಅಲ್ಲಲ್ಲಿ ಸಡಿಲ, ಅಲ್ಲಲ್ಲಿ ಬಿಗಿ. ನಮ್ಮ ನುಡಿಯ ನಡಿಗೆ ಲಘು-ಗುರುಗಳ ಮೇಲೆ ನಿಂತದ್ದು. ಅವರದು ಒತ್ತಿನ ಮೇಲೆ ನಿಂತದ್ದು. ಅನೇಕ ಜರ್ಮನ್ ರಾಗಗಳಲ್ಲಿ ಮೊದಲ ಸ್ವರ ತಾಳದ ಪೆಟ್ಟಿಗಿಂತ ಮುಂಚೆಯೇ ಹಗುರವಾಗಿ ಬರುತ್ತದೆ. ಕನ್ನಡದ ಪದಕ್ಕಾದರೋ ಮೊದಲ ಅಕ್ಷರದಲ್ಲಿಯೇ ತೂಕ. ‘ಕರುಣೆ’ ಎಂಬ ಮೂರು ಲಘುಗಳ ಪದದ ನಡುವಣ ಅಕ್ಷರವನ್ನು ರಾಗವು ಎಳೆದರೆ ಅದು ‘ಕರೂಣೆ’ಯಾಗಿ ಕಿವಿಗೆ ಚುಚ್ಚುತ್ತದೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಕ್ರಿಸ್ತನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದರು. ಮುಂದೆ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದವರೂ, 1894ರಲ್ಲಿ ಮಹಾಕೋಶವನ್ನು ಕೊಟ್ಟವರೂ ಅವರೇ. ನಾಡಿನ ಛಂದಸ್ಸನ್ನು ಅರಿಯದೆ ನಾಡಿನ ಜನರಿಂದ ಹಾಡಿಸಲಾಗದೆಂಬ ತಿಳಿವಳಿಕೆ ಅವರ ಈ ದುಡಿಮೆಯಲ್ಲಿ ಕಾಣುತ್ತದೆ.

ನಾವೀಗ ಬದುಕುತ್ತಿರುವ ಕೇರಳದ ಕಥೆಯೂ ಇದೇ ದಾರಿಯದು. ಅರ್ಣೋಸ್ ಪಾದ್ರಿಯೆಂದು ಪ್ರಸಿದ್ಧರಾದ, 1732ರಲ್ಲಿ ತೀರಿಕೊಂಡ ಜರ್ಮನ್ ಯೇಸುಸಭೆಯ ಪಾದ್ರಿ ಹಾಂಕ್ಸ್‌ಲೇಡನ್ ಮಲಯಾಳದಲ್ಲಿ ‘ಪುತ್ತನ್ ಪಾನ’ ಬರೆದರು; ಪವಿತ್ರ ವಾರದಲ್ಲಿ ಅದನ್ನು ಮನೆಮನೆಗಳಲ್ಲಿ ರಾಗವಾಗಿ ಓದುವ ವಾಡಿಕೆಯುಂಟು. ತಿರುವನಂತಪುರದ ಕಡೆಯ ಮೋಶ ವತ್ಸಲಂ ಶಾಸ್ತ್ರಿಗಳು ಕರ್ನಾಟಕ ಸಂಗೀತದ ರಾಗಗಳಲ್ಲಿ ಕೀರ್ತನೆಗಳನ್ನು ಕಟ್ಟಿದರು. 1893ರಲ್ಲಿ ಬಾಸೆಲ್ ಮಿಷನ್ನಿನ ಮೂಲಕವೇ ಮಲಬಾರಿಗೆ ಬಂದ ನಾಗೆಲ್ ಎಂಬವರ ಒಂದು ಗೀತೆ ಇಂದಿಗೂ ಮಲಯಾಳಿ ಕ್ರೈಸ್ತರ ಶವಯಾತ್ರೆಗಳಲ್ಲಿ ಕೇಳಿಬರುತ್ತದೆ. ಸೀರೋ ಮಲಬಾರ್ ಸಭೆಯ ಬಲಿಪೂಜೆ ಸುರಿಯಾನಿಯಿಂದ ಮಲಯಾಳಕ್ಕೆ ತಿರುಗಿದ್ದು 1962ರ ಜುಲೈ 3ರಂದು. ಮರುವರ್ಷ ದಶಂಬರದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯ ಕುರಿತಾದ ತನ್ನ ಶಾಸನದಲ್ಲಿ ಜನರೆಲ್ಲರೂ ಆರಾಧನೆಯಲ್ಲಿ ಪಾಲುಗೊಳ್ಳಬೇಕೆಂದೂ, ಆಯಾ ನಾಡಿನ ಸಂಗೀತ ಸಂಪ್ರದಾಯಕ್ಕೆ ತಕ್ಕ ಮನ್ನಣೆ ಸಲ್ಲಬೇಕೆಂದೂ ವಿಧಿಸಿತು. ಹೊಸ ಮಲಯಾಳ ಪೂಜೆಗೆ ಹಾಡುಗಳನ್ನು ಬರೆದ ಫಾದರ್ ಆಬೇಲರು 1969ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿಸಿದ ಸಂಸ್ಥೆಯೇ ಕಲಾಭವನ. ಅದು ಮುಂದೆ ಮಿಮಿಕ್ರಿಗೂ ಚಲನಚಿತ್ರ ನಟರಿಗೂ ಹೆಸರಾಯಿತಾದರೂ ಅದರ ಬೇರು ಇರುವುದು ಆರಾಧನೆಯ ಸಂಗೀತದಲ್ಲಿ. ಅವರ ಗೀತೆಗಳಿಗೆ ಕಂಠ ಕೊಟ್ಟವರಲ್ಲಿ ಕೋಟೆ ಕೊಚ್ಚಿಯಲ್ಲಿ ಹುಟ್ಟಿದ ಯೇಸುದಾಸರು ಪ್ರಮುಖರು.

ಹಾಡಿಸುವವನ ಕೆಲಸ

ಹಾಡುವುದು ಬೇರೆ, ಹಾಡಿಸುವುದು ಬೇರೆ. ಚೆನ್ನಾಗಿ ಹಾಡುವವನೇ ಒಮ್ಮೊಮ್ಮೆ ಸಭೆಯನ್ನು ಮೂಕಗೊಳಿಸುವುದುಂಟು. ಅವನ ಆಲಾಪನೆ, ಗಮಕ, ಏರಿಳಿತಗಳನ್ನು ಕೇಳಿ ಜನ ಮೆಚ್ಚುತ್ತಾರೆ. ಮೆಚ್ಚುತ್ತ ಬಾಯಿ ಮುಚ್ಚುತ್ತಾರೆ. ಮುಂದೆ ನಿಂತವನ ದನಿಗಿಂತ ಹಿಂದಿನ ಬೆಂಚಿನವರ ದನಿ ಹೆಚ್ಚು ಕೇಳಿಸಿದ ದಿನ ಅವನ ಕೆಲಸ ಸಾರ್ಥಕವಾಯಿತೆಂದು ತಿಳಿಯಬೇಕು.

ಇದಕ್ಕೆ ಮೊದಲು ಬೇಕಾದದ್ದು ಶ್ರುತಿಯ ಎಚ್ಚರ. ಯಕ್ಷಗಾನದ ಬಯಲಿನಲ್ಲಿ ಬೆಳೆದ ನಮ್ಮವರಿಗೆ ‘ಬಿಳಿ ನಾಲ್ಕು’, ‘ಕಪ್ಪು ಒಂದು’ ಎಂಬ ಮಾತುಗಳು ಹೊಸವಲ್ಲ. ಭಾಗವತರ ಕಂಠಕ್ಕೆ ಒಗ್ಗುವ ಏರುಶ್ರುತಿ ಹನ್ನೆರಡು ತಾಸು ನಿಂತು ದುಡಿದು ಬಂದ ಸಪ್ಲೈಯರನ ಕಂಠಕ್ಕೆ ಒಗ್ಗದು. ಹಾಡಿನ ಆರಂಭದ ಸ್ವರವನ್ನು ನೋಡಿ ಶ್ರುತಿ ಹಿಡಿಯುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ನೋಡಬೇಕಾದದ್ದು ಹಾಡಿನಲ್ಲಿ ಅತ್ಯಂತ ಮೇಲಕ್ಕೆ ಹೋಗುವ ಸ್ವರವನ್ನು. ಆ ಸ್ವರವನ್ನು ಹಿಂದಿನ ಬೆಂಚಿನವರು ಕೂಗದೆ ಮುಟ್ಟುವಂತಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಆ ಕ್ರಿಸ್ಮಸ್ ರಾತ್ರಿ ನಮ್ಮವರು ಮೂರನೆಯ ಸಾಲಿನಲ್ಲಿ ನಿಂತುಹೋದದ್ದು ಭಕ್ತಿಯ ಕೊರತೆಯಿಂದಲ್ಲ, ಈ ಒಂದು ಲೆಕ್ಕ ಅವರಿಗೆ ತಿಳಿದಿರಲಿಲ್ಲವಾದ್ದರಿಂದ. ಅದನ್ನು ತಿಳಿಸಿಕೊಡಬೇಕಾಗಿದ್ದವನು ನಾನು. ಈಗ ನಮ್ಮ ಪುಸ್ತಕದಲ್ಲಿ ಪ್ರತಿಯೊಂದು ಹಾಡಿನ ತಲೆಯ ಮೇಲೆ ಅದರ ಶ್ರುತಿಯ ಮನೆಯನ್ನೂ ತಾಳವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ. ಯಾರು ಪೆಟ್ಟಿಗೆಯ ಮುಂದೆ ಕುಳಿತರೂ ಹಾಡು ನಡೆಯುತ್ತದೆ.

ಎರಡನೆಯದು ಹಾಡಿನ ಆಯ್ಕೆ. ಪ್ರತಿವಾರ ಹೊಸ ಹಾಡು ತರುವ ಉತ್ಸಾಹ ಯುವಕರಲ್ಲಿ ಸಹಜ. ಮೊಬೈಲಿನಲ್ಲಿ ದಿನಕ್ಕೊಂದು ಹೊಸ ಗೀತೆ ಬರುತ್ತಿರುವ ಕಾಲವಿದು. ಆದರೆ ಜನರಿಗೆ ಬಾಯಿಪಾಠವಾಗದ ಹಾಡು ಆರಾಧನೆಯಾಗದು, ಕಛೇರಿಯಾಗುತ್ತದೆ. ನಾವು ತಿಂಗಳಿಗೆ ಒಂದೇ ಹೊಸ ಹಾಡೆಂದು ಗೊತ್ತುಮಾಡಿಕೊಂಡಿದ್ದೇವೆ. ಮೊದಲ ವಾರ ಆರಾಧನೆಗೆ ಮುಂಚೆ ಹತ್ತು ನಿಮಿಷ ಸಾಲುಸಾಲಾಗಿ ಹೇಳಿಕೊಡುವುದು. ಮುಂದಿನ ವಾರಗಳಲ್ಲಿ ಅದನ್ನೇ ತಪ್ಪದೆ ಹಾಡುವುದು. ಉಳಿದವೆಲ್ಲ ಹಿರಿಯರೂ ಬಲ್ಲ ಹಳೆಯ ಕೀರ್ತನೆಗಳು. ಹೊಸದರಿಂದ ಕಿರಿಯರಿಗೆ ಉತ್ಸಾಹ, ಹಳೆಯದರಿಂದ ಹಿರಿಯರಿಗೆ ಆಸರೆ.

ಮೂರನೆಯದು ಸದ್ದಿನ ಮಿತಿ. ಮೂವತ್ತು ಜನರ ಕೊಠಡಿಗೆ ಧ್ವನಿವರ್ಧಕವೇ ಬೇಡ. ತಬಲಾವೋ ಗಿಟಾರೋ ಇದ್ದರೂ ಹಾಡಿನ ಮಾತು ಕೇಳಿಸುವಷ್ಟು ಮಾತ್ರ ನುಡಿಯಬೇಕು. ಪ್ರತಿ ಹಾಡಿನಲ್ಲಿ ಒಂದು ಚರಣವನ್ನು ವಾದ್ಯಗಳನ್ನೆಲ್ಲ ನಿಲ್ಲಿಸಿ ಬರಿಯ ಕಂಠಗಳಿಂದ ಹಾಡಿಸುತ್ತೇವೆ. ಆಗ ಜನರಿಗೆ ತಮ್ಮ ದನಿ ತಮಗೆ ಕೇಳಿಸುತ್ತದೆ. ಕೇಳಿಸಿದೊಡನೆ ಧೈರ್ಯ ಬರುತ್ತದೆ. ಇಂಗ್ಲೆಂಡಿನ ಜಾನ್ ವೆಸ್ಲಿಯವರು 1761ರಲ್ಲಿಯೇ ತಮ್ಮ ಜನರಿಗೆ ಹಾಡುವ ಬಗೆಯ ಕುರಿತು ಕೆಲವು ಸೂಚನೆಗಳನ್ನು ಅಚ್ಚುಹಾಕಿಸಿದ್ದರು. ಎಲ್ಲರೂ ಹಾಡಬೇಕು, ಅರೆನಿದ್ದೆಯಲ್ಲಿದ್ದಂತೆ ಹಾಡಬಾರದು, ಹಾಗೆಂದು ಇತರರ ದನಿ ಮುಳುಗುವಂತೆ ಕಿರಿಚಲೂ ಬಾರದು, ತಾಳಕ್ಕಿಂತ ಮುಂದೆ ಓಡಬಾರದು, ಹಿಂದೆ ಉಳಿಯಲೂ ಬಾರದು ಎಂಬುದು ಅವುಗಳ ತಾತ್ಪರ್ಯ. ಎರಡೂವರೆ ಶತಮಾನ ಕಳೆದರೂ ಇದಕ್ಕಿಂತ ಹೆಚ್ಚಿನದನ್ನು ಹೇಳುವುದು ಕಷ್ಟ.

ಹಾರ್ಮೋನಿಯಮ್ಮಿನ ಬಗ್ಗೆಯೂ ಒಂದು ಮಾತು. 1842ರಲ್ಲಿ ಪ್ಯಾರಿಸಿನ ಡೆಬೇನ್ ಎಂಬಾತ ಹಕ್ಕು ಪಡೆದ ಈ ವಾದ್ಯ ನಮ್ಮ ದೇಶದಲ್ಲಿ ನೆಲದ ಮೇಲಿಟ್ಟು ಕೈಯಿಂದ ಗಾಳಿಯೊತ್ತುವ ಪೆಟ್ಟಿಗೆಯಾಗಿ ಮಾರ್ಪಟ್ಟಿತು. ಗಮಕಗಳು ಇದರಲ್ಲಿ ಬಾರವೆಂಬ ಆಕ್ಷೇಪದಿಂದ 1940ರಿಂದ 1971ರವರೆಗೆ ಆಕಾಶವಾಣಿ ಇದಕ್ಕೆ ಬಹಿಷ್ಕಾರ ಹಾಕಿತ್ತು. ಆ ಮೂವತ್ತು ವರ್ಷಗಳಲ್ಲಿಯೂ ಭಜನೆಯ ಮನೆ, ನಾಟಕದ ಕಂಪನಿ, ಪ್ರಾರ್ಥನೆಯ ಕೊಠಡಿಗಳು ಅದನ್ನು ಕೈಬಿಡಲಿಲ್ಲ. ಹೊತ್ತೊಯ್ಯಲು ಹಗುರ, ಕಲಿಯಲು ಸುಲಭ. ಸ್ವಯಂಸೇವಕರ ಬಳಗಕ್ಕೆ ಬೇಕಾದದ್ದು ಅದೇ.

ಸರದಿಯ ಗುಟ್ಟು

ಇನ್ನು ಬಳಗ ಕಟ್ಟುವ ಮಾತು. ಸತ್ಯವೇದದ ಪೂರ್ವಕಾಲವೃತ್ತಾಂತದ ಪ್ರಥಮ ಭಾಗದಲ್ಲಿ, ಇಪ್ಪತ್ತೈದನೆಯ ಅಧ್ಯಾಯದಲ್ಲಿ, ದಾವೀದ ಅರಸನು ದೇವಾಲಯದ ಗಾಯನಸೇವೆಯನ್ನು ಏರ್ಪಡಿಸಿದ ಬಗೆ ವಿವರವಾಗಿದೆ. ಆಸಾಫ್, ಹೇಮಾನ್, ಯೆದುತೂನ್ ಎಂಬ ಮೂವರ ಮನೆತನಗಳಿಂದ ಒಟ್ಟು 288 ಮಂದಿ ನಿಪುಣರು. ಅವರನ್ನು ಹನ್ನೆರಡು ಹನ್ನೆರಡು ಮಂದಿಯ 24 ತಂಡಗಳಾಗಿ ವಿಭಾಗಿಸಿ ಯಾರ ಸರದಿ ಯಾವಾಗವೆಂಬುದನ್ನು ಚೀಟಿ ಹಾಕಿ ಗೊತ್ತುಮಾಡಿದರು. ಚೀಟಿ ಹಾಕುವಾಗ ಹಿರಿಯ-ಕಿರಿಯ, ಗುರು-ಶಿಷ್ಯ ಎಂಬ ಭೇದವನ್ನು ಮಾಡಲಿಲ್ಲ ಎಂಬುದು ಅಲ್ಲಿಯ ವಿಶೇಷ. ಪಾಳಿಯ ದುಡಿಮೆ ಏನೆಂಬುದನ್ನು ಬಲ್ಲ ಹೋಟೆಲಿನವರಿಗೂ ಕಾರ್ಖಾನೆಯವರಿಗೂ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕೆಲಸ ನಿಲ್ಲಬಾರದಾದರೆ ಆಳು ಬದಲಾಗುತ್ತಿರಬೇಕು. ಆಳು ಬದಲಾಗಬೇಕಾದರೆ ಕಲಿತವನು ಕಲಿಯದವನಿಗೆ ಕಲಿಸುತ್ತಿರಬೇಕು.

ಆ ಕ್ರಿಸ್ಮಸ್ಸಿನ ಬಳಿಕ ನಾವು ಮಾಡಿದ ಮೊದಲ ಕೆಲಸವೆಂದರೆ ಬೀಗದ ಕೈಗಳಿಗೆ ಇನ್ನೂ ಎರಡು ಜೊತೆ ಮಾಡಿಸಿದ್ದು. ಎರಡನೆಯದು, ಆರಾಧನೆಯ ಸಂಜೆ ಆಗಬೇಕಾದ ಕೆಲಸಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದದ್ದು. ಕೊಠಡಿ ತೆರೆಯುವುದು, ಚಾಪೆ-ಬೆಂಚು ಹಾಕುವುದು, ಪುಸ್ತಕ ಹಂಚುವುದು, ಹೊಸಬರನ್ನು ಬಾಗಿಲಲ್ಲಿ ಎದುರುಗೊಳ್ಳುವುದು, ಹಾಡು ಆರಿಸುವುದು, ಹಾರ್ಮೋನಿಯಂ, ತಾಳ, ವಾಚನ, ಚಹದ ವ್ಯವಸ್ಥೆ, ಬಾರದವರನ್ನು ವಿಚಾರಿಸುವುದು, ಕೊನೆಗೆ ಗುಡಿಸಿ ಬೀಗ ಹಾಕುವುದು: ಒಟ್ಟು ಹನ್ನೊಂದು. ಇವುಗಳಲ್ಲಿ ಸಂಗೀತ ಬಲ್ಲವರೇ ಆಗಬೇಕಾದವು ಮೂರು ಮಾತ್ರ! ಇಷ್ಟು ವರ್ಷ ‘ನನಗೆ ಹಾಡಲು ಬಾರದು’ ಎಂದು ಹಿಂದೆ ಕುಳಿತವರಿಗೆಲ್ಲ ಅಲ್ಲಿ ಕೆಲಸವಿತ್ತು.

ಜನರನ್ನು ಕರೆಯುವ ಬಗೆಯಲ್ಲಿಯೂ ನಮಗೆ ಒಂದು ಪಾಠವಾಯಿತು. ‘ಯಾರಾದರೂ ಮುಂದೆ ಬನ್ನಿರಿ’ ಎಂದು ಸಭೆಯಲ್ಲಿ ಸಾರಿದರೆ ಎಲ್ಲರೂ ಪಕ್ಕದವನ ಮುಖವನ್ನು ನೋಡುತ್ತಾರೆ. ಒಬ್ಬೊಬ್ಬರನ್ನೇ ಕಂಡು, ಇಂಥ ಕೆಲಸ, ತಿಂಗಳಲ್ಲಿ ಇಂಥ ಎರಡು ವಾರ, ಇಷ್ಟು ಹೊತ್ತು, ಆರು ತಿಂಗಳ ಮಟ್ಟಿಗೆ ಎಂದು ಸ್ಪಷ್ಟವಾಗಿ ಕೇಳಿದರೆ ಒಪ್ಪದವರು ವಿರಳ. ಕೊನೆಯಿಲ್ಲದ ಹೊರೆಗೆ ಯಾರೂ ಹೆಗಲು ಕೊಡರು. ಇಳಿಸುವ ಕಟ್ಟೆ ಎಲ್ಲಿದೆಯೆಂದು ಮೊದಲೇ ತೋರಿಸಿದರೆ ಹೊರುವವರು ಸಿಗುತ್ತಾರೆ. ಆರು ತಿಂಗಳಾದ ಮೇಲೆ ‘ಇನ್ನು ಸಾಕು’ ಎಂದವರನ್ನು ಉಪಕಾರ ಸ್ಮರಿಸಿ ಬಿಡಬೇಕು, ಮುಖ ಸಿಂಡರಿಸಬಾರದು. ಹಾಗೆ ಬಿಟ್ಟವರಲ್ಲಿ ಕೆಲವರು ಮರಳಿ ಬಂದದ್ದುಂಟು.

ಸರದಿಯ ಪಟ್ಟಿಯನ್ನು ಬರೆಯುವ ಹೊಣೆಯನ್ನು ಒಬ್ಬ ಗುಮಾಸ್ತರು ವಹಿಸಿಕೊಂಡರು. ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಅವರಿಗೆ ಅದು ನೀರು ಕುಡಿದಷ್ಟು ಸುಲಭ. ಹೋಟೆಲಿನವರ ಪಾಳಿ ವಾರವಾರ ಬದಲಾಗುವುದರಿಂದ ಪ್ರತಿಯೊಂದು ಕೆಲಸದ ಎದುರಿಗೂ ಎರಡು ಹೆಸರು: ಮಾಡುವವನು ಒಬ್ಬ, ಅವನಿಗೆ ರಜೆ ಸಿಗದಿದ್ದರೆ ಮಾಡುವವನು ಇನ್ನೊಬ್ಬ. ಹಾರ್ಮೋನಿಯಮ್ಮಿಗೂ ಎರಡು ಹೆಸರು. ಆ ಎರಡನೆಯ ಹೆಸರು ಒಬ್ಬ ದಾದಿಯದು. ಮೊದಲ ಮೂರು ತಿಂಗಳು ಅವರು ನಾಲ್ಕು ಹಾಡುಗಳನ್ನು ಮಾತ್ರ ನುಡಿಸಬಲ್ಲವರಾಗಿದ್ದರು. ಅವರ ಸರದಿಯ ದಿನ ನಾವು ಆ ನಾಲ್ಕನ್ನೇ ಹಾಡಿದೆವು. ಹಾಡು ಕಡಿಮೆಯಾಯಿತೆಂದು ಯಾರೂ ಗೊಣಗಲಿಲ್ಲ. ಅವರು ತಪ್ಪಿದಾಗ ನನ್ನ ಬೆರಳುಗಳು ತಾವಾಗಿ ಚಡಪಡಿಸುತ್ತಿದ್ದವು. ಆದರೂ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತೆ. ನುಡಿಸುವುದಕ್ಕಿಂತ ನುಡಿಸದೆ ಕುಳಿತಿರುವುದು ಕಠಿಣವಾದ ಸಾಧನೆಯೆಂಬುದನ್ನು ಆಗ ಅರಿತೆ.

ಅಭ್ಯಾಸಕ್ಕೆ ಬುಧವಾರ ರಾತ್ರಿ ಹತ್ತಕ್ಕೆ ನಲವತ್ತೈದು ನಿಮಿಷ. ಹೇಳಿದ ಹೊತ್ತಿಗೆ ಆರಂಭ, ಹೇಳಿದ ಹೊತ್ತಿಗೆ ಮುಕ್ತಾಯ. ಮುಂಜಾನೆ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಬೇಕಾದವನ ನಿದ್ದೆಯನ್ನು ಕದ್ದು ದೇವರಿಗೆ ಸ್ತೋತ್ರ ಸಲ್ಲಿಸುವುದು ನ್ಯಾಯವಲ್ಲ. ಅಭ್ಯಾಸದ ಮೊದಲ ಐದು ನಿಮಿಷ ಒಬ್ಬರನ್ನೊಬ್ಬರು ಕ್ಷೇಮಸಮಾಚಾರ ಕೇಳುವುದಕ್ಕೆ ಮೀಸಲು. ಊರಿಗೆ ಹಣ ಕಳುಹಿಸುವ ಚಿಂತೆ, ತಂಗಿಯ ಮದುವೆ, ಮಗುವಿನ ಜ್ವರ ಇವೆಲ್ಲ ಅಲ್ಲಿ ಹೊರಬೀಳುತ್ತವೆ. ಬಳಗವು ಒಟ್ಟಾಗಿ ನಿಂತಿರುವುದು ಹಾಡಿನ ಬಲದಿಂದ ಮಾತ್ರವಲ್ಲ, ಈ ಐದು ನಿಮಿಷಗಳ ಬಲದಿಂದಲೂ ಹೌದು.

ಮಕ್ಕಳ ನಾಲಿಗೆ, ಮಕ್ಕಳ ಕಣ್ಣು

ಕೊನೆಯದಾಗಿ, ಪರನಾಡಿನಲ್ಲಿರುವ ನಮಗೆ ಮಾತ್ರ ಎದುರಾಗುವ ಒಂದು ಸಮಸ್ಯೆ. ಇಲ್ಲಿ ಸಂಸಾರ ಹೂಡಿದವರ ಮಕ್ಕಳು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾರೆ. ಕನ್ನಡ ಅವರ ಕಿವಿಗೆ ಪರಿಚಿತ, ಕಣ್ಣಿಗೆ ಅಪರಿಚಿತ. ಹಾಡಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ಚಿತ್ರ ನೋಡುವಂತೆ ನೋಡುತ್ತಾರೆ. ಈ ಬಗ್ಗೆ ನಮ್ಮಲ್ಲಿ ಸ್ವಲ್ಪ ಜಗಳವೇ ಆಯಿತು. ಕನ್ನಡದ ಹಾಡನ್ನು ಮಲಯಾಳ ಲಿಪಿಯಲ್ಲಿ ಬರೆದು ಕೊಡೋಣವೆಂದು ಕೆಲವರು. ಹಾಗೆ ಮಾಡಿದರೆ ಮಕ್ಕಳು ಎಂದಿಗೂ ಕನ್ನಡ ಅಕ್ಷರ ಕಲಿಯಲಾರರೆಂದು ಕೆಲವರು. ಎರಡು ಮಾತಿನಲ್ಲಿಯೂ ಹುರುಳಿತ್ತು.

ಕಡೆಗೆ ಒಂದು ನಡುದಾರಿ ಕಂಡುಕೊಂಡೆವು. ಎಡಪುಟದಲ್ಲಿ ಕನ್ನಡ ಲಿಪಿ, ಬಲಪುಟದಲ್ಲಿ ಅದೇ ಸಾಲುಗಳು ಮಲಯಾಳ ಲಿಪಿಯಲ್ಲಿ. ಎರಡು ನುಡಿಗಳಿಗೂ ‘ಳ’ಕಾರವುಂಟು, ಎರಡರಲ್ಲಿಯೂ ಎಕಾರ-ಒಕಾರಗಳ ಹ್ರಸ್ವ-ದೀರ್ಘ ಭೇದವುಂಟು, ಆದುದರಿಂದ ಬರೆಹ ಹೆಚ್ಚು ಕೆಡುವುದಿಲ್ಲ. ಮಕ್ಕಳು ಬಲಪುಟವನ್ನು ಓದಿ ಹಾಡಲಾರಂಭಿಸಿದರು. ಹಾಡು ಬಾಯಿಪಾಠವಾದ ಮೇಲೆ ಎಡಪುಟದ ಅಕ್ಷರಗಳನ್ನು ತಾವೇ ಗುರುತಿಸತೊಡಗಿದರು. ಗೊತ್ತಿರುವ ಮಾತನ್ನು ಗೊತ್ತಿಲ್ಲದ ಅಕ್ಷರದಲ್ಲಿ ಕಾಣುವುದೇ ಓದು ಕಲಿಯುವ ಸುಲಭವಾದ ದಾರಿ. ಈಗ ಪುಸ್ತಕ ಹಂಚುವ ಕೆಲಸ ಇಬ್ಬರು ಮಕ್ಕಳದು. ಹಂಚುವ ಮೊದಲು ಹಾಡಿನ ಮೊದಲ ಸಾಲನ್ನು ಎಡಪುಟದಿಂದಲೇ ಓದಿ ಹೇಳಬೇಕೆಂಬುದು ಅವರಿಗೆ ವಿಧಿಸಿರುವ ನಿಯಮ. ಊರಿನ ಅಜ್ಜಿಗೆ ಫೋನಿನಲ್ಲಿ ಅವರು ಕನ್ನಡದ ಕೀರ್ತನೆ ಹಾಡಿ ಕೇಳಿಸಿದಾಗ ಆ ಮುದುಕಿಗೆ ಆಗುವ ಆನಂದವನ್ನು ಊಹಿಸಿಕೊಳ್ಳಿರಿ.

ಭಜನೆಯ ಮನೆಗೂ ಇದೇ ಮಾತು

ಈ ಲೇಖನವನ್ನು ಓದುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಹೋಟೆಲಿನ ಮಹಡಿಯಲ್ಲಿ ಶನಿವಾರ ರಾತ್ರಿ ಚಾಪೆ ಹಾಸಿ ತಾಳ ಹಿಡಿಯುವ ಭಜನಾ ಮಂಡಳಿಗಳ ಕಷ್ಟವೂ ಇದೇ ಅಲ್ಲವೇ? ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಒಬ್ಬ ಉತ್ಸಾಹಿ ಇರುವಷ್ಟು ದಿನ ಭಜನೆ ವಿಜೃಂಭಿಸುತ್ತದೆ. ಅವನು ಬೇರೆ ಹೋಟೆಲಿಗೆ ಹೋದನೆಂದರೆ ತಾಳಗಳು ಮೊಳೆಗೆ ತೂಗುಬೀಳುತ್ತವೆ. ಮಂಡಳಿಯ ಮುಖ್ಯಸ್ಥರು ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ: ನಾಳೆ ನಾನು ಊರಿಗೆ ಹೋದರೆ ಮುಂದಿನ ವಾರ ಪದ ಎತ್ತುವವನು ಯಾರು? ಉತ್ತರ ಬಾರದಿದ್ದರೆ ಇಂದೇ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲಿ.

ಕಳೆದ ಕ್ರಿಸ್ಮಸ್ಸಿನ ರಾತ್ರಿ ನಾನು ಕಳಮಶ್ಶೇರಿಯಲ್ಲಿಯೇ ಇದ್ದೆ. ಅಂದು ಸರದಿಯಂತೆ ನನ್ನ ಪಾಲಿಗೆ ಬಂದ ಕೆಲಸ ಬೆಂಚು ಹಾಕುವುದು ಮತ್ತು ಚಹದ ಲೋಟಗಳನ್ನು ತೊಳೆಯುವುದು. ಹಾರ್ಮೋನಿಯಮ್ಮಿನ ಮುಂದೆ ಆ ದಾದಿಯವರಿದ್ದರು. ಕ್ಯಾಂಟೀನಿನ ಹಿರಿಯರು ನಡುವೆ ನಿಂತು ಮೊದಲ ಕೀರ್ತನೆಯನ್ನು ಎತ್ತಿದರು. ಈ ಸಲ ಶ್ರುತಿ ಸರಿಯಾಗಿತ್ತು, ಮೂರನೆಯ ಸಾಲು ನಿರಾಯಾಸವಾಗಿ ಏರಿತು. ಲೋಟಗಳನ್ನು ಜೋಡಿಸುತ್ತಿದ್ದ ನಾನು ಬಾಗಿಲ ಬಳಿಗೆ ಬಂದು ನಿಂತು, ಎಲ್ಲರೊಡನೆ ಹಾಡಿದೆ.